ನರುಲಿಗೆ ಲೇಪವೋ, ಹಿಮವೋ, ಸುಡುವುದೋ? ತೋಟದವರೊಬ್ಬರ ಹೋಲಿಕೆ

ಸೋಮವಾರಪೇಟೆ ಕಡೆಯ ಕಾಫಿ ತೋಟದಲ್ಲಿ ಕೈಕಾಲು ದುಡಿಸಿ ಬದುಕುವವರಿಗೆ ನರುಲಿ ಎನ್ನುವುದು ಬರೀ ಅಂದಚೆಂದದ ವಿಷಯವಲ್ಲ. ಉಗುರಿನ ಪಕ್ಕದಲ್ಲಿ ಎದ್ದ ನರುಲಿ ಹಣ್ಣು ಕೊಯ್ಯುವಾಗ ರೆಂಬೆಗೆ ತಗುಲಿ ಒಡೆದು ರಕ್ತ ಬರುತ್ತದೆ. ಅಂಗಾಲಿನದು ಗಮ್‌ಬೂಟಿನೊಳಗೆ ಕಲ್ಲು ಸಿಕ್ಕಿದಂತೆ ಒತ್ತಿ, ಇಳಿಜಾರಿನಲ್ಲಿ ಹೆಜ್ಜೆ ಇಡುವುದೇ ಕಷ್ಟವಾಗುತ್ತದೆ. ನನಗೆ ಎರಡು ಕಡೆಯೂ ಆಗಿತ್ತು. ಬೆರಳ ಗೆಣ್ಣುಗಳ ಮೇಲಿನವಕ್ಕೆ ಸ್ಯಾಲಿಸಿಲಿಕ್ ಆಮ್ಲದ ಲೇಪ, ಉಗುರಿನ ಪಕ್ಕದ್ದಕ್ಕೆ ದ್ರವ ಸಾರಜನಕದ ಹಿಮಚಿಕಿತ್ಸೆ, ಹೆಬ್ಬೆರಳಿನದಕ್ಕೆ ವಿದ್ಯುತ್ತಿನಿಂದ ಸುಡುವ ಚಿಕಿತ್ಸೆ, ಅಂಗಾಲಿಗೆ ಮೊದಲು ಟೇಪು, ಆಮೇಲೆ ಆಮ್ಲದ ಪ್ಲಾಸ್ಟರು (ಅದೇ ಆಮ್ಲವಿರುವ ಅಂಟುಪಟ್ಟಿ), ಹೀಗೆ ಬೇರೆ ಬೇರೆ ದಾರಿಗಳನ್ನು ನೋಡಿದ್ದೇನೆ. ಇಲ್ಲಿನ ಮಳೆ, ದಾರಿ, ಕೆಲಸ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಂಡು ಅವುಗಳನ್ನು ಹೋಲಿಸುತ್ತಿದ್ದೇನೆ.

ರೋಗ ಅರ್ಥವಾಗದೆ ಚಿಕಿತ್ಸೆಗಳ ಹೋಲಿಕೆ ಅರ್ಥವಾಗುವುದಿಲ್ಲ. ನರುಲಿಗೆ ಕಾರಣ ಕಪ್ಪೆ ಮುಟ್ಟಿದ್ದಲ್ಲ, ಮೈ ಉಷ್ಣವೂ ಅಲ್ಲ. ಅದು ಹ್ಯೂಮನ್ ಪ್ಯಾಪಿಲೋಮಾ ಎಂಬ ವೈರಸ್ಸಿನ ಸೋಂಕು. ಈ ವೈರಸ್ಸಿನಲ್ಲಿ ಇನ್ನೂರರಷ್ಟು ಬಗೆಗಳಿದ್ದು, ಕೈಕಾಲಿನ ಸಾಮಾನ್ಯ ನರುಲಿಗಳಿಗೆ ಹೆಚ್ಚಾಗಿ 1, 2, 4, 27, 57ನೆಯ ಬಗೆಗಳು ಕಾರಣ. ಗರ್ಭಕಂಠದ ಕ್ಯಾನ್ಸರ್ ತರುವ ಬಗೆಗಳು ಬೇರೆಯವು. ಚರ್ಮದ ಸಣ್ಣ ಬಿರುಕಿನಿಂದ ಒಳಸೇರಿದ ವೈರಸ್ಸು ಮೇಲ್ಪದರದ ಕೋಶಗಳಲ್ಲಿ ಮಾತ್ರ ಇರುತ್ತದೆ, ಕಣ್ಣಿಗೆ ಕಾಣುವ ಗಂಟಾಗಲು ತಿಂಗಳುಗಳೇ ಹಿಡಿಯಬಹುದು. ಒಳಗೆ ಕಾಣುವ ಕಪ್ಪು ಚುಕ್ಕೆಗಳನ್ನು ಬೇರು ಎಂದು ತಿಳಿದು ಸೂಜಿಯಿಂದ ಕೀಳುವವರಿದ್ದಾರೆ. ಅವು ಹೆಪ್ಪುಗಟ್ಟಿದ ಸೂಕ್ಷ್ಮ ರಕ್ತನಾಳಗಳು. ನರುಲಿಗೆ ಬೇರಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಬೂಟಿನಲ್ಲೇ ದಿನ ಕಳೆಯುವ ನಮ್ಮ ಅಂಗಾಲುಗಳು ನೆನೆದು ಬಿಳುಚಿಕೊಂಡಿರುವುದರಿಂದ ಸೋಂಕಿಗೆ ದಾರಿ ಸುಲಭವಾಗುತ್ತದೆ, ಒಬ್ಬರ ಬೂಟನ್ನು ಇನ್ನೊಬ್ಬರು ಹಾಕಿಕೊಳ್ಳುವ ರೂಢಿ ಅದಕ್ಕೆ ಇನ್ನಷ್ಟು ಅನುಕೂಲ ಮಾಡಿಕೊಡುತ್ತದೆ.

ಮುಖ್ಯವಾದ ಮಾತು ಇದು: ನಾನು ಹೋಲಿಸುತ್ತಿರುವ ಯಾವ ಚಿಕಿತ್ಸೆಯೂ ವೈರಸ್ಸನ್ನೇ ಹುಡುಕಿ ಕೊಲ್ಲುವುದಿಲ್ಲ. ಸೋಂಕು ತಗುಲಿದ ಚರ್ಮವನ್ನು ನಾಶಮಾಡುವುದು, ಆ ಗಾಯದ ಮೂಲಕ ದೇಹದ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವುದು, ಇಷ್ಟೇ ಅವುಗಳ ಕೆಲಸ. ಮಕ್ಕಳಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟು ನರುಲಿಗಳು ಎರಡು ವರ್ಷದೊಳಗೆ ತಾವಾಗಿಯೇ ಹೋಗುತ್ತವೆ. ಹಾಗಿರುವಾಗ ಎಷ್ಟು ಬೇಗ ಹೋಯಿತು ಎಂಬುದರ ಜೊತೆಗೆ, ಒಳ್ಳೆಯ ಚರ್ಮಕ್ಕೆ ಎಷ್ಟು ಹಾನಿಯಾಯಿತು ಎಂಬುದನ್ನೂ ತೂಗಿ ನೋಡಬೇಕು.

ಮೊದಲು ಸ್ಯಾಲಿಸಿಲಿಕ್ ಆಮ್ಲ. ಔಷಧಿ ಅಂಗಡಿಯಲ್ಲಿ ಇದು ಸಾಮಾನ್ಯವಾಗಿ ಲ್ಯಾಕ್ಟಿಕ್ ಆಮ್ಲದೊಂದಿಗೆ ಕೊಲೋಡಿಯನ್ ಎಂಬ, ಒಣಗಿದಾಗ ಪೊರೆಯಾಗುವ ಅಂಟುದ್ರವದಲ್ಲಿ ಬೆರೆಸಿದ, ಸುಮಾರು ಶೇ. 17ರ ಸಾಂದ್ರತೆಯ ಲೇಪವಾಗಿ ಸಿಗುತ್ತದೆ. ಇದರ ಫಲ ಹಚ್ಚುವ ಕ್ರಮವನ್ನೇ ಅವಲಂಬಿಸಿದೆ. ಸಂಜೆ ಕೆಲಸ ಮುಗಿದ ಮೇಲೆ ಬೆರಳನ್ನು ಬಿಸಿನೀರಿನಲ್ಲಿ ಚೆನ್ನಾಗಿ ನೆನೆಸಿ, ಸತ್ತ ಚರ್ಮವನ್ನು ಉಗುರು ಉಜ್ಜುವ ಕಾಗದದಿಂದ ಮೃದುವಾಗಿ ತೆಗೆದು, ಸುತ್ತಲಿನ ಒಳ್ಳೆಯ ಚರ್ಮಕ್ಕೆ ವ್ಯಾಸಲಿನ್ ಹಚ್ಚಿ, ಕಡ್ಡಿಯ ತುದಿಯಿಂದ ಒಂದೇ ಹನಿಯನ್ನು ನರುಲಿಯ ಮೇಲೆ ಮಾತ್ರ ಇಡಬೇಕು. ಸ್ವಲ್ಪ ಹೊತ್ತಿನಲ್ಲಿ ಅದು ಬಿಳಿ ಪೊರೆಯಾಗಿ ಒಣಗುತ್ತದೆ. ಅದರ ಮೇಲೆ ಟೇಪು ಸುತ್ತಿದರೆ ಆಮ್ಲ ಆಳಕ್ಕೆ ಇಳಿಯುತ್ತದೆ. ಮರುದಿನ ಆ ಪೊರೆಯ ಜೊತೆಗೆ ನರುಲಿಯ ಒಂದು ತೆಳುಪದರವೂ ಎದ್ದು ಬರುತ್ತದೆ. ಈ ದ್ರವ ಬೇಗ ಬೆಂಕಿ ಹಿಡಿಯುವಂಥದ್ದು. ನಮ್ಮ ಮನೆಗಳಲ್ಲಿ ಹಂಡೆಯ ನೀರು ಕಾಯಿಸುವ ಬಚ್ಚಲೊಲೆಯ ಹತ್ತಿರ ಕುಳಿತು ಹಚ್ಚುವ ಅಭ್ಯಾಸವಿದ್ದರೆ ಖಂಡಿತ ಬಿಡಬೇಕು. ಉರಿ ಹೆಚ್ಚಾಗಿ ಚರ್ಮ ಕೆಂಪಾದರೆ ಒಂದೆರಡು ದಿನ ನಿಲ್ಲಿಸಬೇಕು. ನನ್ನ ಗೆಣ್ಣಿನ ನರುಲಿಗಳು ಕರಗಲು ಮೂರು ತಿಂಗಳ ಹತ್ತಿರ ಹಿಡಿಯಿತು, ಆದರೆ ಒಂದು ದಿನದ ಕೆಲಸವೂ ನಿಲ್ಲಲಿಲ್ಲ, ಕಲೆಯೂ ಉಳಿಯಲಿಲ್ಲ. ವಾಸಿಯಾಗಿದೆ ಎಂದು ತಿಳಿಯಲು ಒಂದು ಗುರುತಿದೆ: ನರುಲಿ ಇದ್ದಲ್ಲಿ ಚರ್ಮದ ಗೆರೆಗಳು ತುಂಡಾಗಿರುತ್ತವೆ, ಆ ಗೆರೆಗಳು ಮತ್ತೆ ಒಂದಕ್ಕೊಂದು ಕೂಡಿಕೊಂಡಿರುವುದು ಕಂಡ ಮೇಲಷ್ಟೇ ಲೇಪ ನಿಲ್ಲಿಸಬೇಕು.

ಹಿಮಚಿಕಿತ್ಸೆಯ ಕಥೆ ಬೇರೆ. ದ್ರವ ಸಾರಜನಕದ ಕುದಿಬಿಂದು ಮೈನಸ್ 196 ಡಿಗ್ರಿ ಸೆಲ್ಸಿಯಸ್. ಅದನ್ನು ಕೆಲವು ಸೆಕೆಂಡು ಸಿಂಪಡಿಸಿದಾಗ ನರುಲಿಯೂ ಅದರ ಸುತ್ತ ಸಣ್ಣ ಅಂಚೂ ಬೆಳ್ಳಗೆ ಗಟ್ಟಿಯಾಗುತ್ತವೆ. ಆ ಕ್ಷಣಕ್ಕಿಂತ ಕರಗುವಾಗಿನ ನೋವೇ ಜಾಸ್ತಿ. ಉಗುರಿನ ಪಕ್ಕವಾದ್ದರಿಂದ ರಾತ್ರಿಯೆಲ್ಲ ಬೆರಳು ಮಿಡಿಯುತ್ತಿತ್ತು, ಬೆಳಗ್ಗೆ ರಕ್ತ ತುಂಬಿದ ಬೊಕ್ಕೆ ಎದ್ದಿತ್ತು. ಎರಡು ಮೂರು ವಾರಕ್ಕೊಮ್ಮೆ ಮತ್ತೆ ಹೋಗಬೇಕು, ಅಂದರೆ ಕುಶಾಲನಗರ ದಾಟಿ ಮೈಸೂರಿಗೆ ಪ್ರಯಾಣ. ಒಂದು ಸಲ ಅಷ್ಟು ದೂರ ಹೋದ ಮೇಲೆ ಸಾರಜನಕದ ಸಿಲಿಂಡರ್ ಖಾಲಿಯಾಗಿದೆ ಎಂದು ವಾಪಸು ಕಳಿಸಿದ್ದರು. ಹೊರಡುವ ಮೊದಲು ಫೋನು ಮಾಡಿ ಕೇಳಿಕೊಳ್ಳುವುದು ಒಳ್ಳೆಯದು. ನರುಲಿ ಹೋಯಿತು, ನಿಜ. ಆದರೆ ಆ ಜಾಗ ಬಹಳ ಕಾಲ ಬಿಳಿಚಿಕೊಂಡೇ ಇತ್ತು. ನಮ್ಮ ಮೈಬಣ್ಣದವರಲ್ಲಿ ಹೀಗಾಗುವುದು ಅಪರೂಪವಲ್ಲ. ಉಗುರಿನ ಬುಡಕ್ಕೆ ಹಿಮ ಹೆಚ್ಚು ತಗುಲಿದರೆ ಉಗುರೇ ವಕ್ರವಾಗಿ ಬೆಳೆಯಬಹುದು.

ಇವೆರಡರ ನಡುವೆ ಗೆದ್ದದ್ದು ಯಾವುದು ಎಂಬುದಕ್ಕೆ ನನ್ನೊಬ್ಬಳ ಕೈ ಸಾಕ್ಷಿಯಾಗಲಾರದು. 2010ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಪ್ರಯೋಗದಲ್ಲಿ 13 ವಾರಗಳ ಬಳಿಕ ಹಿಮಚಿಕಿತ್ಸೆ ಪಡೆದವರಲ್ಲಿ ಶೇ. 39, ಸ್ಯಾಲಿಸಿಲಿಕ್ ಆಮ್ಲ ಹಚ್ಚಿದವರಲ್ಲಿ ಶೇ. 24, ಸುಮ್ಮನೆ ಕಾದವರಲ್ಲಿ ಶೇ. 16 ಮಂದಿಗೆ ವಾಸಿಯಾಗಿತ್ತು. ಹಿಮದ ಮೇಲುಗೈ ಮುಖ್ಯವಾಗಿ ಕೈಯಂಥ ಕಡೆಯ ಸಾಮಾನ್ಯ ನರುಲಿಗಳಲ್ಲಿ ಕಂಡಿತು. ಅಂಗಾಲಿನ ನರುಲಿಗಳನ್ನೇ ಪರೀಕ್ಷಿಸಿ 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ ಶೇ. 50ರ ಆಮ್ಲಕ್ಕೂ ಹಿಮಕ್ಕೂ 12 ವಾರಗಳಲ್ಲಿ ಫಲ ಒಂದೇ ಸಮ, ಅದೂ ಶೇ. 14 ಮಾತ್ರ. ಅಂಗಾಲಿನ ನರುಲಿ ಎಷ್ಟು ಹಟಮಾರಿ ಎಂಬುದಕ್ಕೆ ಬೇರೆ ಪುರಾವೆ ಬೇಡ. ಆದ್ದರಿಂದ ಅಂಗಾಲಿಗಾಗಿ ಮೈಸೂರಿನ ದಾರಿ ಸವೆಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ನನ್ನದು ಹೋಗಿದ್ದು ಪ್ಲಾಸ್ಟರಿನಿಂದ, ಮಳೆಗಾಲ ಕಳೆದು ಕಾಲು ಒಣಗಿದ ಮೇಲೆ.

ಸುಡುವ ಚಿಕಿತ್ಸೆ ಎಲ್ಲಕ್ಕಿಂತ ಬೇಗ ಮುಗಿಯುತ್ತದೆ. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಸುಟ್ಟು, ಕೆರೆದು ತೆಗೆಯುತ್ತಾರೆ, ನೋವಾಗುವುದು ಚುಚ್ಚುಮದ್ದಿನದೇ. ಆದರೆ ಉಳಿಯುವ ಗಾಯ ಒಣಗಲು ವಾರಗಳು ಬೇಕು, ಕೈ ಒದ್ದೆಯಾಗಬಾರದು, ಮಣ್ಣು ಮುಟ್ಟಬಾರದು. ಕೊಯ್ಲಿನ ಕಾಲದಲ್ಲಾಗಲಿ ಆಟಿ ಮಳೆಯಲ್ಲಾಗಲಿ ಇದು ನಡೆಯುವ ಮಾತಲ್ಲ. ನನ್ನ ಹೆಬ್ಬೆರಳಿನಲ್ಲಿ ಕಲೆ ಉಳಿಯಿತು, ಕಲೆಯ ಅಂಚಿನಲ್ಲೇ ಸಣ್ಣದೊಂದು ಮರಳಿ ಎದ್ದು, ಕೊನೆಗೆ ಆಮ್ಲದ ಲೇಪದಿಂದಲೇ ಹೋಯಿತು. ಅಂಗಾಲಿನಲ್ಲಿ ಕಲೆಯಾದರೆ ಜೀವನಪೂರ್ತಿ ನಡೆಯುವಾಗ ನೋಯಬಹುದು. ಅಲ್ಲಿಗೆ ಇದನ್ನು ಮಾಡಿಸಬೇಡಿ.

ನರುಲಿಯ ಮೇಲೆ ಗಟ್ಟಿ ಅಂಟುಟೇಪು (ಡಕ್ಟ್ ಟೇಪು) ಹಾಕಿಡುವುದನ್ನು 2002ರ ಅಮೆರಿಕದ ಅಧ್ಯಯನವೊಂದು ಹಿಮಕ್ಕಿಂತ ಮೇಲು ಎಂದಿತ್ತು, ನಂತರದ ಪ್ರಯೋಗಗಳಲ್ಲಿ ಆ ಫಲ ನಿಲ್ಲಲಿಲ್ಲ. ಬೂಟಿನ ಬೆವರಿಗೆ ಅದು ಅಂಟುವುದೂ ಇಲ್ಲ. ಲೇಪದ ಮೇಲಿನ ಹೊದಿಕೆಯಾಗಿ ಮಾತ್ರ ಅದು ಉಪಯುಕ್ತ.

ಮನೆಮದ್ದುಗಳಲ್ಲಿ ಸುಣ್ಣ ಮತ್ತು ಸೋಡಾದ ಮಿಶ್ರಣ, ಗೇರುಬೀಜದ ಸಿಪ್ಪೆಯ ಎಣ್ಣೆ ಇವುಗಳ ಬಗ್ಗೆ ನನ್ನ ನಿಲುವು ಖಚಿತ: ಬೇಡ. ಇವೂ ಚರ್ಮ ಸುಡುವ ವಸ್ತುಗಳೇ, ಆದರೆ ಸಾಂದ್ರತೆಗೆ ಲೆಕ್ಕವಿಲ್ಲ, ಎಲ್ಲಿ ನಿಲ್ಲಬೇಕೆಂಬ ಹಿಡಿತವಿಲ್ಲ. ನಮ್ಮ ಸಾಲುಮನೆಯ ಅಕ್ಕನೊಬ್ಬರಿಗೆ ಸುಣ್ಣದಿಂದಾದ ಹುಣ್ಣು ನರುಲಿಯ ನಾಲ್ಕರಷ್ಟು ಅಗಲವಾಗಿತ್ತು. ಗೇರೆಣ್ಣೆ ಅಲರ್ಜಿಯಿಂದ ಕೈಯೆಲ್ಲ ಬೊಕ್ಕೆ ಎಬ್ಬಿಸಬಲ್ಲದು. ಕೊಡಗಿನ ಅಡುಗೆಯ ಕಪ್ಪು ಹುಳಿಯಾದ ಕಾಚಂಪುಳಿ ಹಚ್ಚಿ ನೋಡಿ ಎಂದು ಅತ್ತೆ ಹೇಳಿದ್ದರು. ಹುಳಿ ಎಂದ ಮಾತ್ರಕ್ಕೆ ಅದು ಸ್ಯಾಲಿಸಿಲಿಕ್ ಆಮ್ಲದ ಕೆಲಸ ಮಾಡೀತೆಂದು ನಂಬಲು ಆಧಾರವಿಲ್ಲ, ಅದು ಅಡುಗೆಗೇ ಇರಲಿ.

ಹಾಗಾದರೆ ತೋಟದಲ್ಲಿರುವವರಿಗೆ ನನ್ನ ಸಲಹೆ: ಮೊದಲು ಆಮ್ಲದ ಲೇಪ ಅಥವಾ ಪ್ಲಾಸ್ಟರು, ಮೂರು ತಿಂಗಳು ತಪ್ಪದೆ. ಕೈಯಲ್ಲಿ ಅದಕ್ಕೂ ಜಗ್ಗದಿದ್ದರೆ ಹಿಮ. ಸುಡುವುದು ಕೊನೆಗೆ. ಸಕ್ಕರೆ ಕಾಯಿಲೆ ಇದ್ದು ಪಾದದ ಸ್ಪರ್ಶ ಮಂದವಾಗಿರುವವರು ಆಮ್ಲವನ್ನೂ ವೈದ್ಯರನ್ನು ಕೇಳದೆ ಮುಟ್ಟಬಾರದು. ಮುಖ ಮತ್ತು ಗುಪ್ತಾಂಗಗಳ ನರುಲಿಗೆ ಈ ಲೇಪ ಹಚ್ಚಲೇಬಾರದು. ಮುಳ್ಳೋ ಕಡ್ಡಿಯೋ ಚುಚ್ಚಿದ ಜಾಗದಲ್ಲಿ ನಿಧಾನವಾಗಿ ಹರಡುತ್ತಾ ಹೋಗುವ ಒರಟು ಗಂಟು ನೋಡಲು ನರುಲಿಯಂತೆಯೇ ಇದ್ದರೂ ಶಿಲೀಂಧ್ರದ ಸೋಂಕೋ ಚರ್ಮದ ಕ್ಷಯವೋ ಆಗಿರಬಹುದು. ಬೇಲಿ, ಕಪಾತು (ಗಿಡ ಸವರುವುದು), ಸೌದೆ ಎಂದು ದಿನವೂ ಚುಚ್ಚಿಸಿಕೊಳ್ಳುವ ನಮ್ಮಂಥವರು ಅಂಥ ಗಂಟಿಗೆ ಲೇಪ ಹಚ್ಚುತ್ತಾ ಕೂರದೆ, ಚರ್ಮವೈದ್ಯರಲ್ಲಿ ತೋರಿಸಿ, ಅವರು ಹೇಳಿದರೆ ತುಣುಕು ತೆಗೆಸಿ ಪರೀಕ್ಷೆ ಮಾಡಿಸಬೇಕು.