ಹೈಡ್ರೋಕೊಲಾಯ್ಡ್ ಪಟ್ಟಿ: ಒಂದೂವರೆ ವರ್ಷ ಅಂಟಿಸಿ, ಕಿತ್ತು, ಕಲಿತದ್ದು

ತೊಡೆಮೂಳೆ ಮುರಿದು ಅಪ್ಪ ಮಲಗಿದ ಮೂರನೇ ವಾರಕ್ಕೆ ಬಾಲಮೂಳೆ ಹತ್ತಿರ ಚರ್ಮ ಕೆಂಪಾಯಿತು. ನಾವು ಎಚ್ಚೆತ್ತುಕೊಳ್ಳುವಷ್ಟರಲ್ಲಿ ಐದು ರೂಪಾಯಿ ನಾಣ್ಯದಗಲ ಸುಲಿದಿತ್ತು. ಹಾಸಿಗೆ ಹುಣ್ಣು. ಸೋದರತ್ತೆ ನೋಡಿ, "ಗಾಳಿ ಆಡೋಕೆ ಬಿಡ್ರೋ, ಒಣಗುತ್ತೆ" ಅಂದರು. ಅರಿಶಿನ ಆಯಿತು, ಪೌಡರ್ ಆಯಿತು. ದಿನಕ್ಕೆರಡು ಸಲ ಗಾಜ್ ಬಟ್ಟೆ ಕೀಳುವಾಗ ಹೊಸದಾಗಿ ಬಂದ ಎಳೆ ಚರ್ಮವೂ ಅದರ ಜೊತೆಗೇ ಬರುತ್ತಿತ್ತು.

ಆಮೇಲೆ ಡಾಕ್ಟರು ಗಾಯದ ಮೇಲೆ ಅಂಟಿಸುವ ಈ ಹೈಡ್ರೋಕೊಲಾಯ್ಡ್ ಪಟ್ಟಿ ಬರೆದುಕೊಟ್ಟರು. 10 ಸೆಂ.ಮೀ. ಉದ್ದಗಲದ, ಮೈಬಣ್ಣದ, ರಬ್ಬರಿನಂಥ ತುಂಡು. ಒಂದಕ್ಕೆ 300 ರೂಪಾಯಿ ಆಸುಪಾಸು. ದುಬಾರಿ ಅನ್ನಿಸಿತು. ಆದರೆ ಇದು ದಿನಾ ಬದಲಿಸುವಂಥದ್ದಲ್ಲ, ಸೋರದಿದ್ದರೆ ಐದಾರು ದಿನ ಇರುತ್ತೆ. ಲೆಕ್ಕ ಹಾಕಿದರೆ ಅಂಥಾ ಜಾಸ್ತಿ ಏನಲ್ಲ.

ಒಳಗಡೆ ಇರುವುದು ಜೆಲಾಟಿನ್, ಪೆಕ್ಟಿನ್ ಥರದ ಪದಾರ್ಥಗಳು. ಗಾಯದ ನೀರು ಹೀರಿಕೊಂಡು ಲೋಳೆಯಾಗುತ್ತವೆ. ಆ ತೇವದಲ್ಲಿ ಅಂಚಿನ ಚರ್ಮದ ಕೋಶಗಳು ಸಲೀಸಾಗಿ ಸರಿದು ಬರುತ್ತವೆ. ಹಕ್ಕಳೆ ಕಟ್ಟಿದರೆ ಅವು ಅದರ ಅಡಿಯಲ್ಲಿ ದಾರಿ ಮಾಡಿಕೊಂಡು ಬರಬೇಕು. 1962ರಲ್ಲೇ ಜಾರ್ಜ್ ವಿಂಟರ್ ಅನ್ನುವವರು ಹಂದಿಗಳ ಮೇಲೆ ಪರೀಕ್ಷಿಸಿ, ಪಾಲಿಥಿನ್ ಮುಚ್ಚಿದ ಗಾಯದಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡುತ್ತೆ ಅಂತ ತೋರಿಸಿದ್ದರು. ಅತ್ತೆಗೆ ಹೇಳಿದೆ. "ಹಂದಿಗೂ ನಿಮ್ಮಪ್ಪಂಗೂ ಒಂದೇನಾ?" ಅಂದರು.

ಮೊದಲ ಪಟ್ಟಿ ಬಿಚ್ಚಿದಾಗ ಜೀವವೇ ಹೋದಂತಾಯಿತು. ಹಳದಿ ಲೋಳೆ, ಕೆಟ್ಟ ವಾಸನೆ. ಕೀವು ಅಂದುಕೊಂಡು ಮೂಗು ಮುಚ್ಚಿ ಡಾಕ್ಟರಿಗೆ ಫೋನ್ ಮಾಡಿದೆ. ಸಲೈನ್‌ನಲ್ಲಿ ತೊಳೆದು ನೋಡಿ ಅಂದರು. ತೊಳೆದರೆ ಅಡಿಯಲ್ಲಿ ದಾಳಿಂಬೆ ಕಾಳಿನ ಹಾಗೆ ಕೆಂಪು ಹೊಳಪು! ಲೋಳೆ ಪಟ್ಟಿಯದೇ. ತೊಳೆದ ಮೇಲೂ ವಾಸನೆ ಉಳಿದರೆ, ಸುತ್ತ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ ಮಾತ್ರ ಕಾಯಬೇಡಿ, ಡಾಕ್ಟರ ಹತ್ತಿರ ಓಡಿ. ನಂಜಾದ ಗಾಯವನ್ನು ಹೀಗೆ ಮುಚ್ಚಿಡಬಾರದು.

ನನ್ನ ದೊಡ್ಡ ತಪ್ಪು, ಬಗ್ಗಿ ನೋಡುವ ಚಟ. ಮಾಯ್ತಾ ಇದೆಯಾ ಅಂತ ಎರಡನೇ ದಿನಕ್ಕೇ ಅಂಚು ಎಬ್ಬಿಸುತ್ತಿದ್ದೆ. ವಯಸ್ಸಾದವರ ಚರ್ಮ ಈರುಳ್ಳಿ ಸಿಪ್ಪೆ ಇದ್ದಂತೆ, ಪಕ್ಕದಲ್ಲೇ ಇನ್ನೊಂದು ಕಡೆ ಸುಲಿಯಿತು. ಮೇಲಕ್ಕೆ ಕೀಳಬಾರದು, ಚರ್ಮಕ್ಕೆ ಸಮನಾಗಿ ಎಳೆದು ಹಿಗ್ಗಿಸಿದರೆ ತಾನಾಗೇ ಬಿಡುತ್ತೆ. ಅಂಟಿಸುವ ಮುಂಚೆ ಅಂಗೈಯಲ್ಲಿ ಒಂದು ನಿಮಿಷ ಬೆಚ್ಚಗೆ ಮಾಡಿಕೊಳ್ಳಿ, ಮೂಲೆಗಳನ್ನು ಕತ್ತರಿಯಲ್ಲಿ ಗುಂಡಗೆ ಮಾಡಿ. ಇಲ್ಲದಿದ್ದರೆ ಹೊದಿಕೆಗೆ ಸಿಕ್ಕಿ ಸುರುಳಿಯಾಗುತ್ತೆ. ಬೇಸಿಗೆಯಲ್ಲಿ ಬೆವರಿಗೆ ಎರಡೇ ದಿನಕ್ಕೆ ಜಾರಿದ್ದೂ ಉಂಟು. ಅಪ್ಪನಿಗೆ ಭೇದಿಯಾದ ವಾರವಂತೂ ನಾಲ್ಕು ಪಟ್ಟಿ ಸುಮ್ನೆ ದಂಡ.

ಪಟ್ಟಿಯೊಂದೇ ವಾಸಿ ಮಾಡಿತು ಅಂತ ಹೇಳಲಾರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ರಾತ್ರಿ ತಪ್ಪಿಸಿದ ವಾರ ಗಾಯ ಇದ್ದಲ್ಲೇ ಇತ್ತು. ಅಲಾರಂ ಇಟ್ಟು ಎದ್ದ ಮೇಲೆ, ಏಳು ವಾರಕ್ಕೆ ಮುಚ್ಚಿತು. ಆಮೇಲೆ ಇನ್ನೆರಡು ಸಲ ಸಣ್ಣದಾಗಿ ಬಂತು, ಎರಡೂ ಬೇಗ ಹೋದವು. ಹಿಮ್ಮಡಿಯಲ್ಲಿ ಕಪ್ಪಗೆ ಒಣಗಿ ಕೂತ ಹಕ್ಕಳೆಗೂ ಅಂಟಿಸಲು ಹೊರಟಿದ್ದೆ, ಡಾಕ್ಟರು ತಡೆದರು. ಅದನ್ನು ಒಣಗಿದ ಹಾಗೇ ಬಿಟ್ಟು, ಹಿಮ್ಮಡಿ ಹಾಸಿಗೆಗೆ ತಾಗದಂತೆ ದಿಂಬು ಕೊಡಬೇಕಂತೆ.

ಈಗ ಆ ಜಾಗ ತೆಳ್ಳಗೆ, ಸ್ವಲ್ಪ ಹೊಳೆಯುತ್ತೆ. ಬೀರುವಿನಲ್ಲಿ ಎರಡು ಪಟ್ಟಿ ಇನ್ನೂ ಇವೆ. ಮೊನ್ನೆ ಅತ್ತೆ ಕಾಲುಬೆರಳಿಗೆ ಚಪ್ಪಲಿ ಕಚ್ಚಿದಾಗ ಅದರಲ್ಲೊಂದು ಚೂರು ಕೇಳಿ ಇಸಕೊಂಡು ಹೋದರು.