ಐದು ವರ್ಷ ಹಳೆಯ ರೀಫ್ ಟ್ಯಾಂಕ್: ಗಾಜು ಪಾಸ್, ಕಲ್ಲು ಫೇಲ್

ಹಳೆಯ ರೀಫ್ ಟ್ಯಾಂಕ್, ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ, ಕೊಳ್ಳೋಣ ಅಂತ ನೋಡಲು ಹೋಗಿದ್ದೆ. ಮಾರುವವರು ಕಳಿಸಿದ ಫೋಟೊ ನೋಡಿದರೆ ಯಾರಿಗಾದರೂ ಆಸೆ ಆಗುವಂತಿತ್ತು. ನೀಲಿ ಬೆಳಕು, ಮಿನುಗುವ ಹವಳ, ನಡುವೆ ಒಂದು ಜೋಡಿ ಕ್ಲೌನ್ ಮೀನು. ಹೋದವನೇ "ಬಿಳಿ ಲೈಟ್ ಹಾಕ್ತೀರಾ?" ಅಂತ ಕೇಳಿದೆ. ನೀಲಿ ಬೆಳಕಿನಲ್ಲಿ ಸೊರಗಿದ ಹವಳವೂ ಚೆಂದವೇ, ಪಾಚಿ ಅಂತೂ ಕಣ್ಣಿಗೇ ಬೀಳುವುದಿಲ್ಲ.

ಬಿಳಿ ಬೆಳಕು ಬಿತ್ತು. ಕಲ್ಲಿನ ಸಂದಿಯಲ್ಲಿ ಪುಟ್ಟ ತಾಳೆಮರದಂಥ ಕಂದು ಜೀವಿಗಳು. ಕಡ್ಡಿ ತಾಗಿಸಿದರೆ ಸರ್ರನೆ ಒಳಗೆ. ಐಪ್ಟೇಸಿಯಾ! ಇದನ್ನು ಕೆರೆದು ತೆಗೆಯೋಣ ಅಂದರೆ ಉಳಿದ ಚೂರಿನಿಂದಲೇ ಮತ್ತೆ ಹುಟ್ಟುತ್ತದೆ, ಪಕ್ಕದ ಹವಳವನ್ನೂ ಕುಟುಕುತ್ತದೆ. ಮುಂಭಾಗದಲ್ಲೇ 17 ಎಣಿಸಿ ಸುಮ್ಮನಾದೆ.

ಇನ್ನು ಗಾಜು. 120 ಸೆಂ.ಮೀ. ಉದ್ದ, 50 ಅಗಲ, 50 ಎತ್ತರ. ತುಂಬಿದರೆ ನೀರೇ 300 ಕೆಜಿ ದಾಟುತ್ತದೆ, ಹಾಗಾಗಿ ಇಲ್ಲಿ ಅವಸರ ಮಾಡಲಿಲ್ಲ. ಟಾರ್ಚನ್ನು ಓರೆಯಾಗಿ ಹಿಡಿದು ನಾಲ್ಕೂ ಮೂಲೆ ನೋಡಿದೆ. ಒಳಗಡೆ ಸಿಲಿಕೋನ್ ಅಂಟು ಒಂದು ಕಡೆ ಕಿತ್ತು ಬಂದಿತ್ತು, ಪಾಚಿ ಕೆರೆಯುವ ಬ್ಲೇಡ್ ತಾಗಿರಬೇಕು. ಅದಕ್ಕೆ ನಾನು ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಎರಡು ಗಾಜು ಕೂಡುವ ಜಾಗದಲ್ಲಿ, ಆ ತೆಳು ಗೆರೆಯಲ್ಲಿ, ಗಾಳಿಗುಳ್ಳೆ ಇದ್ದರೆ ವಾಪಸ್ ಬರುತ್ತಿದ್ದೆ. ಇರಲಿಲ್ಲ. ನೀರಿನ ಮಟ್ಟ ಎಡಕ್ಕೂ ಬಲಕ್ಕೂ 4 ಮಿ.ಮೀ. ವ್ಯತ್ಯಾಸ. ಸ್ಟ್ಯಾಂಡ್ ಕೆಳಗೆ ನೋಡಿದರೆ ಒಂದು ಕಾಲು ನೀರು ಕುಡಿದು ಉಬ್ಬಿತ್ತು. ಸ್ಟ್ಯಾಂಡ್ ಬೇಡ ಅಂದುಬಿಟ್ಟೆ.

ಇನ್ನು ನೀರಿನ ಉಪ್ಪು. ಅದನ್ನು ಅಳೆಯುವ ಅವರ ಮುಳ್ಳಿನ ಹೈಡ್ರೋಮೀಟರ್ 1.025 ಸಾಂದ್ರತೆ ತೋರಿಸುತ್ತಿತ್ತು, ಬೆಳಕು ಬಾಗುವುದನ್ನು ನೋಡಿ ಅಳೆಯುವ ನನ್ನ ರಿಫ್ರಾಕ್ಟೋಮೀಟರ್ 1.029. ಅಂದರೆ ಅವರು ಅಂದುಕೊಂಡದ್ದಕ್ಕಿಂತ ಉಪ್ಪು ಜಾಸ್ತಿ. ನನ್ನದನ್ನು ಹಿಂದಿನ ದಿನವೇ 35 ಪಿಪಿಟಿ (ಸಾವಿರಕ್ಕೆ 35 ಭಾಗ ಉಪ್ಪು) ದ್ರಾವಣ ಹಾಕಿ ಸರಿಮಾಡಿಕೊಂಡಿದ್ದೆ. ಮುಳ್ಳಿಗೆ ಉಪ್ಪು ಅಥವಾ ಗಾಳಿಗುಳ್ಳೆ ಅಂಟಿದರೆ ಲೆಕ್ಕ ತಪ್ಪುತ್ತದೆ, ಪಾಪ, ಅವರಿಗೆ ಗೊತ್ತಿರಲಿಲ್ಲ. ಕೊಳೆಯಿಂದ ನೀರಿನಲ್ಲಿ ಕೂಡುವ ನೈಟ್ರೇಟ್ 40 ಪಿಪಿಎಂ (ಹತ್ತು ಲಕ್ಷಕ್ಕೆ 40 ಭಾಗ) ಹತ್ತಿರ. ರೀಫ್‌ಗೆ ಜಾಸ್ತಿಯೇ.

ಕ್ಯಾಬಿನೆಟ್ ಒಳಗೆ ಅರ್ಧ ಖಾಲಿಯಾದ ತಾಮ್ರದ ಔಷಧಿ ಬಾಟಲಿ ಕಂಡು ಎದೆ ಧಸಕ್ಕೆಂದಿತು. ಮೀನಿನ ಬಿಳಿ ಚುಕ್ಕೆ ರೋಗಕ್ಕೆ ಒಳ್ಳೆ ಔಷಧಿ, ಆದರೆ ಹವಳ, ಸೀಗಡಿ, ಬಸವನಹುಳುಗಳಿಗೆ ವಿಷ. ಕಲ್ಲು ಅದನ್ನು ಹೀರಿಕೊಂಡು ಆಮೇಲೆ ನಿಧಾನಕ್ಕೆ ಬಿಡುತ್ತದೆ. "ಮೀನನ್ನ ಬೇರೆ ಬಕೆಟ್‌ಗೆ ಹಾಕಿ ಕೊಟ್ಟಿದ್ದು ಸಾರ್" ಅಂದರು. ಟ್ಯಾಂಕ್‌ನಲ್ಲಿ ಎರಡು ಸೀಗಡಿ ಆರಾಮಾಗಿ ಓಡಾಡುತ್ತಿದ್ದವು. ನಂಬಿದೆ.

ಕೊನೆಗೆ, "ಒಂದು ಸಲ ರಿಟರ್ನ್ ಪಂಪ್ ಆಫ್ ಮಾಡ್ತೀರಾ?" ಅಂದೆ. ಟ್ಯಾಂಕ್ ಕೆಳಗಿನ ತೊಟ್ಟಿಯಿಂದ, ಅಂದರೆ ಸಂಪ್‌ನಿಂದ, ನೀರನ್ನು ವಾಪಸ್ ಮೇಲಕ್ಕೆ ತಳ್ಳುವ ಪಂಪ್ ಅದು. ಕರೆಂಟ್ ಹೋದಾಗ ಏನಾಗುತ್ತೆ ಅಂತ ನೋಡಬೇಕಲ್ವಾ. ಆಫ್ ಮಾಡಿದರು. ಮೇಲಿನ ನೀರು ಪೈಪ್‌ನಲ್ಲಿ ಹಿಂದಕ್ಕೆ ಹರಿದು ಸಂಪ್‌ಗೆ ಬರತೊಡಗಿತು, ನಿಲ್ಲಲೇ ಇಲ್ಲ. ಪೈಪ್‌ನ ಬಾಯಿ ನೀರಿನೊಳಗೆ 10 ಸೆಂ.ಮೀ. ಇತ್ತು. ಅಂದರೆ 60 ಲೀಟರ್ ಕೆಳಗೆ ಬರಬಹುದು, ಸಂಪ್‌ನಲ್ಲಿ ಅದರ ಅರ್ಧಕ್ಕೂ ಜಾಗ ಇಲ್ಲ. ಇಬ್ಬರೂ ಕುಕ್ಕರುಗಾಲಿನಲ್ಲಿ ಕೂತು ನೋಡುತ್ತಿದ್ದೆವು. ಅಂಚಿಗೆ ಎರಡು ಬೆರಳು ಬಾಕಿ ಇರುವಾಗ ಅವರು ಟವೆಲ್ ತರಲು ಓಡಿದರು. ನಾನು ಎದ್ದು ಪೈಪ್ ತಡಕಿದೆ. ನೀರಿನ ಮಟ್ಟಕ್ಕೆ ಸ್ವಲ್ಪ ಕೆಳಗೆ ಗಾಳಿ ಎಳೆಯುವ ಸಣ್ಣ ತೂತು ಇತ್ತು, ಆದರೆ ನೇರಳೆ ಬಣ್ಣದ ಕೋರಲೈನ್ ಪಾಚಿ ಕಲ್ಲಿನಂತೆ ಕಟ್ಟಿ ಮುಚ್ಚಿಹೋಗಿತ್ತು. ಕೀಲಿಯ ತುದಿಯಿಂದ ಚುಚ್ಚಿದೆ. ಗುಳುಗುಳು ಅಂತ ಗಾಳಿ ಒಳಗೆ ಹೋಗಿ ನೀರು ನಿಂತಿತು.

ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಸ್ಕಿಮ್ಮರ್ ಚೆನ್ನಾಗಿದೆ, ಕಪ್‌ನಲ್ಲಿ ಗಟ್ಟಿ ಕಪ್ಪು ಕಷಾಯ ಇತ್ತು. ಲೈಟೂ ಪರವಾಗಿಲ್ಲ. ಹೀಟರ್‌ನ ಪ್ಲಗ್ ಪಿನ್ ಹಸಿರುಗಟ್ಟಿತ್ತು, ಅದನ್ನು ಮುಟ್ಟಲೂ ಇಲ್ಲ.

ಗಾಜು, ಸಂಪ್, ಪಂಪ್, ಸ್ಕಿಮ್ಮರ್, ಲೈಟ್ ತಗೊಂಡೆ. ಐದು ವರ್ಷದ ಹೊಲಸು ಕೂತ ಮರಳು, ಐಪ್ಟೇಸಿಯಾ ಕಲ್ಲು ಎರಡೂ ಬೇಡ ಅಂದಾಗ ಅವರ ಮುಖ ಸಪ್ಪಗಾಯಿತು. ಕ್ಲೌನ್ ಜೋಡಿಯನ್ನು ತಮ್ಮ ಚಿಕ್ಕ ಟ್ಯಾಂಕ್‌ಗೆ ಹಾಕಿಕೊಂಡಿದ್ದಾರೆ. ಹೊಸ ಕಲ್ಲು ಹಾಕಿ, ಮೀನಿಗೆ ವಿಷವಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆ ಫೋನ್ ಮಾಡ್ತೀನಿ ಅಂದಿದ್ದೇನೆ.