ಬಿಸಿಯಾದರೆ ನಿಂತುಬಿಡುತ್ತಿದ್ದ ಎಂಜಿನ್: ಹಳೇ ಔಟ್‌ಬೋರ್ಡ್ ಜೊತೆ ಆರು ವರ್ಷ

ನನ್ನ ಚಿಕ್ಕ ದೋಣಿಗಿರುವುದು 1960ರ ದಶಕದ ಟೂ-ಸ್ಟ್ರೋಕ್ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್, ಎರಡು ಸಿಲಿಂಡರಿನದು. ಹೊಸದನ್ನು ಕೊಳ್ಳುವಷ್ಟು ಹಣ ಆಗ ಇರಲಿಲ್ಲ, ಈಗಲೂ ಇಲ್ಲ. ನನ್ನ ಮಾತನ್ನು ಆ ಲೆಕ್ಕದಲ್ಲೇ ತೆಗೆದುಕೊಳ್ಳಿ.

ಮೊದಲ ಎರಡು ವರ್ಷ ಒಂದೇ ತೊಂದರೆ ಜೀವ ತಿಂದಿತು. ತಣ್ಣಗಿದ್ದಾಗ ಹಗ್ಗ ಎಳೆದರೆ ಎರಡನೇ ಸಲಕ್ಕೇ ಸ್ಟಾರ್ಟ್. ಹತ್ತು ನಿಮಿಷ ಚೆನ್ನಾಗಿ ಓಡುತ್ತಿತ್ತು. ಆಮೇಲೆ ಸದ್ದು ಒರಟಾಗಿ, ದೋಣಿ ತೆವಳತೊಡಗಿ, ವೇಗ ತಗ್ಗಿಸಿದ ಕೂಡಲೇ ಆಫ್. ಅರ್ಧ ಗಂಟೆ ಸುಮ್ನೆ ಬಿಟ್ಟರೆ ಮತ್ತೆ ಶುರು. ಹುಟ್ಟು ಹಾಕಿಕೊಂಡು ದಡ ಸೇರಿದ ದಿನಗಳೇ ಜಾಸ್ತಿ. ಮಾರಿಬಿಡೋಣ ಅಂತಲೂ ಅನ್ನಿಸಿತ್ತು.

ನಾನು ಅನುಮಾನಪಟ್ಟದ್ದು ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬುರೇಟರ್ ಮೇಲೆ. ನಾಲ್ಕು ಸಲ ಬಿಚ್ಚಿದೆ. ಜೆಟ್ ಊದಿದೆ, ಫ್ಲೋಟ್ ನೋಡಿದೆ, ಪೆಟ್ರೋಲ್ ಪೈಪ್ ಬದಲಾಯಿಸಿದೆ. ಪ್ರತಿ ಸಲವೂ ಡ್ರಮ್ಮಿನ ನೀರಿನಲ್ಲಿ ಐದು ನಿಮಿಷ ಓಡಿಸಿ, ಸರಿಹೋಯಿತು ಅಂದುಕೊಳ್ಳುತ್ತಿದ್ದೆ. ಐದು ನಿಮಿಷಕ್ಕೆ ಎಂಜಿನ್ ಪೂರ್ತಿ ಬಿಸಿಯೇ ಆಗುವುದಿಲ್ಲ ಅಲ್ವಾ? ಅದು ನನಗೆ ಹೊಳೆಯಲೇ ಇಲ್ಲ.

ಕೊನೆಗೆ ನೀರಿನ ನಡುವೆಯೇ ಪರೀಕ್ಷೆ ಮಾಡಿದೆ. ಎಂಜಿನ್ ಸೊರಗುತ್ತಿದ್ದಂತೆ, ಕೈಯಿಂದ ಪೆಟ್ರೋಲ್ ತಳ್ಳಲು ಪೈಪಿನಲ್ಲಿರುವ ರಬ್ಬರ್ ಬಲ್ಬ್ ಅಮುಕಿದೆ. ಪೆಟ್ರೋಲ್ ಸಾಲದಿದ್ದರೆ ಆಗ ಚೇತರಿಸಿಕೊಳ್ಳಬೇಕು. ಚೇತರಿಸಿಕೊಳ್ಳಲಿಲ್ಲ. ನಿಂತ ತಕ್ಷಣ, ಬಿಸಿ ಆರುವ ಮುಂಚೆ, ಪ್ಲಗ್ ವೈರಿಗೆ ಸ್ಪಾರ್ಕ್ ಟೆಸ್ಟರ್ ಸಿಕ್ಕಿಸಿ ಹಗ್ಗ ಎಳೆದೆ. ಪ್ಲಗ್ ಮಾತ್ರ ಬಿಚ್ಚಲಿಲ್ಲ, ತೂತಿನಿಂದ ಪೆಟ್ರೋಲ್ ಆವಿ ಬರುತ್ತದೆ, ಕಿಡಿ ತಗುಲಿದರೆ ಅಪಾಯ. ಮೇಲಿನ ಸಿಲಿಂಡರಿಗೆ ನೀಲಿ ಕಿಡಿ. ಕೆಳಗಿನದಕ್ಕೆ ಏನೂ ಇಲ್ಲ.

ಎಂಜಿನ್ ಮೇಲೆ ತಿರುಗುವ ಭಾರದ ಚಕ್ರ, ಅಂದರೆ ಫ್ಲೈವೀಲ್, ತೆಗೆದೆ. ಅದಕ್ಕೆ ನಡುವಿನ ತೂತುಗಳಿಗೆ ಬೋಲ್ಟ್ ಹಾಕುವ ಪುಲ್ಲರ್ ಬೇಕು. ಅಂಚು ಹಿಡಿದು ಎಳೆಯಬೇಡಿ, ಫ್ಲೈವೀಲ್ ಹಾಳಾಗುತ್ತದೆ. ಒಳಗೆ, ಕೆಳಗಿನ ಸಿಲಿಂಡರಿನ ಪ್ಲಗ್‌ಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಬತ್ತಿದ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿತ್ತು. ಹಳೇ ಕಾಯಿಲ್‌ಗಳಿಗೆ ಇದು ಮಾಮೂಲಿ ಕಾಯಿಲೆ. ಬಿಸಿಯಾದಾಗ ಕರೆಂಟ್ ಪ್ಲಗ್ ತಲುಪದೆ ಅಲ್ಲೇ ಸೋರಿಹೋಗುತ್ತಿತ್ತು. ಎರಡೂ ಕಾಯಿಲ್ ಬದಲಾಯಿಸಿದೆ. ಕಿಡಿ ಹಾರಿಸಲು ಕರೆಂಟ್ ಕಡಿಯುವ ಪಾಯಿಂಟ್ ಶುಚಿಮಾಡಿ, ನನ್ನ ಮಾಡೆಲ್‌ಗೆ ಹೇಳಿದಂತೆ 0.020 ಇಂಚು ಗ್ಯಾಪ್ ಇಟ್ಟೆ. ಒಂದು ಮಧ್ಯಾಹ್ನದ ಕೆಲಸ ಅಷ್ಟೇ. ಎರಡು ವರ್ಷ ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆಮೇಲಿನ ನಾಲ್ಕು ವರ್ಷದಲ್ಲಿ ನಡುನೀರಿನಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ. ಹೊಗೆ ಇದೆ, ಸದ್ದು ಇದೆ, ಪೆಟ್ರೋಲ್ ಚೆನ್ನಾಗಿಯೇ ಕುಡಿಯುತ್ತದೆ. ಸ್ಪ್ಯಾನರ್ ಹಿಡಿಯಲು ಬೇಸರ ಇರುವವರು ಕೊಳ್ಳಬೇಡಿ. ನನಗಂತೂ ಇದೇ ಸಾಕು.

ಬೆಳಗ್ಗೆ ಮೊದಲು ಪೆಟ್ರೋಲಿಗೆ ಎಣ್ಣೆ ಬೆರೆಸುತ್ತೇನೆ, ಲೀಟರಿಗೆ 20 ಎಂಎಲ್. ಬಲ್ಬ್ ಗಟ್ಟಿಯಾಗುವ ತನಕ ಅಮುಕಿ, ಚೋಕ್ ಎಳೆದು, ಹಗ್ಗ ಎಳೆಯುತ್ತೇನೆ. ಸ್ಟಾರ್ಟ್ ಆದ ಮೇಲೆ ಹಿಂದಿನ ತೂತಿಗೆ ಕೈ ಒಡ್ಡುತ್ತೇನೆ. ನೀರಿನ ತುಂತುರು ಅಂಗೈಗೆ ತಾಗಿದರೆ, ಎಂಜಿನ್ ತಣ್ಣಗಿಡಲು ನೀರು ಎಳೆಯುವ ಇಂಪೆಲ್ಲರ್ ಸರಿ ಇದೆ. ತಾಗದಿದ್ದರೆ ಆಗಲೇ ಆಫ್ ಮಾಡಬೇಕು. ಆ ತುಂತುರು ತಾಗುವ ಗಳಿಗೆ ನನಗೆ ಎಲ್ಲಕ್ಕಿಂತ ಇಷ್ಟ.

ಸಂಜೆ ದಡಕ್ಕೆ ಬಂದು ಪೆಟ್ರೋಲ್ ಪೈಪ್ ಕಳಚಿ, ಕಾರ್ಬುರೇಟರ್ ಖಾಲಿಯಾಗುವ ತನಕ ನೀರಿನಲ್ಲೇ ಓಡಲು ಬಿಡುತ್ತೇನೆ. ಕೊನೆಯಲ್ಲಿ ಒಮ್ಮೆ ಜೋರಾಗಿ ತಿರುಗಿ, ತಾನಾಗಿ ನಿಲ್ಲುತ್ತದೆ. ಈಗ ಅದು ಹೀಗೆ ನಿಲ್ಲುವುದು ಅಲ್ಲಿ ಮಾತ್ರ.